ಏಳು ಕಡೆ 28,460

ಸಂಡೂರಿನ ಅದಿರು ಯಾರ್ಡೊಂದರ ಕಾಟಾ ಮೇಲೆ ಹತ್ತು ಚಕ್ರದ ಲಾರಿ ನಿಂತಿತ್ತು. ಪರದೆಯಲ್ಲಿ 28,460 ಕೆಜಿ. ನನ್ನ ಲ್ಯಾಪ್‌ಟಾಪಿನ ಎಐ ಏಜೆಂಟ್ ಮಾತ್ರ ಅದೇ ಲಾರಿಯನ್ನು 74 ಕೋಟಿ 54 ಲಕ್ಷ 72 ಸಾವಿರ ಕೆಜಿ ಎಂದು ತೂಗಿತ್ತು. ಕಾಟಾ ನೋಡಿಕೊಳ್ಳುವ ಹಿರಿಯರು ಇಣುಕಿ ನೋಡಿ, "ಗುಡ್ಡಾನೇ ಏರಿಸ್ಯಾರೇನ್ರಿ ಸರ್?" ಅಂದರು.

ತಪ್ಪು ಇದ್ದದ್ದು ನಾನು ಬರೆದುಕೊಟ್ಟ ದಾಖಲೆಯಲ್ಲಿ.

ಆ ಕಾಟಾದ ತಂತ್ರಾಂಶ ಹಳೆಯದು. ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದಾರೆ, ಮೂಲ ಕೋಡ್ ಯಾರ ಬಳಿಯೂ ಇಲ್ಲ. ಮಾಲೀಕರಿಗೆ ತೂಕ ನೇರ ಹೊಸ ಬಿಲ್ಲಿಂಗಿಗೆ ಬರಬೇಕು. ಹೊಸಪೇಟೆಯ ಮನೆಯಲ್ಲಿ ಕೂತು, ಓಡುತ್ತಿರುವ ಪ್ರೋಗ್ರಾಂನ ಮೆಮೊರಿ ಓದುವ ಸಣ್ಣ ಟೂಲ್ ಬರೆದೆ. ಓದುವುದಷ್ಟೆ, ತಿದ್ದುವ ಅಧಿಕಾರ ಕೊಡಲಿಲ್ಲ. ತೂಕ ಎಲ್ಲಿ ಕೂತಿದೆ ಎಂದು ಕೆದಕುವ ರಿವರ್ಸ್ ಎಂಜಿನಿಯರಿಂಗ್ ಏಜೆಂಟಿನ ಪಾಲಿಗೆ. ಏಜೆಂಟಿಗೆ ಟೂಲ್ ಜೋಡಿಸಲು 2024ರ ಕೊನೆಗೆ ಬಂದ ಎಂಸಿಪಿ ಪದ್ಧತಿಯಲ್ಲಿ ಅದಕ್ಕೆ ಟೂಲಿನ ಒಳಗು ಕಾಣುವುದಿಲ್ಲ. ಟೂಲಿನ ಹೆಸರು, ಅದಕ್ಕೆ ಕೊಡಬೇಕಾದ ವಿವರ, ನಾವು ಬರೆದ ವರ್ಣನೆ. ಅದರ ಪಾಲಿಗೆ ಟೂಲ್ ಅಂದರೆ ಅಷ್ಟೆ.

ನಾನು ಬರೆದಿದ್ದು "ಕೇಳಿದ ವಿಳಾಸದಿಂದ 4 ಬೈಟ್ ಕೊಡುತ್ತದೆ" ಎಂದು. ಮೆಮೊರಿಯಲ್ಲಿ 28,460 ಇರುವುದು 2ಸಿ 6ಎಫ್ 00 00 ಎಂದು, ಬಾಲ ಮುಂದೆ, ತಲೆ ಹಿಂದೆ. ಇಂಟೆಲ್ ಜಾತಿಯ ಪ್ರೊಸೆಸರುಗಳ ಚಾಳಿಯೇ ಅದು. ಅದನ್ನು ನಾನು ಬರೆದಿರಲಿಲ್ಲ. ಏಜೆಂಟ್ ಎಡದಿಂದ ಬಲಕ್ಕೆ ಓದಿತು, ಗುಡ್ಡ ಲಾರಿ ಏರಿತು. ಹೊಸಪೇಟೆಯಲ್ಲಿ "ಡ್ಯಾಂ 1,633 ಮುಟ್ತು" ಅಂದರೆ ಸಾಕು, ಅಡಿ ಎಂದು ಯಾರೂ ಸೇರಿಸುವುದಿಲ್ಲ. ಊರಿನವರಿಗೆ ಮಾತಾಡಿದ ಹಾಗೆ ನಾನು ದಾಖಲೆ ಬರೆದಿದ್ದೆ. ಓದಿದ್ದು ಪರವೂರಿನವ.

ಇಂಥ ತಪ್ಪು ವಾಸಿ, ನೋಡಿದ ಕೂಡಲೇ ನಗು ಬರುತ್ತದೆ. ಸೊನ್ನೆಯದು ಹಾಗಲ್ಲ. ವಿಂಡೋಸ್ ಮೆಮೊರಿಯನ್ನು 4,096 ಬೈಟಿನ ಪುಟಗಳಾಗಿ ಹಂಚಿರುತ್ತದೆ. ಓದುವ ಜಾಗ ಮುಚ್ಚಿದ ಪುಟದೊಳಕ್ಕೆ ಚಾಚಿದರೆ ಇಡೀ ಓದೇ ವಿಫಲ. ಆಗ ನನ್ನ ಟೂಲ್, ಏಜೆಂಟ್ ತಡವರಿಸದಿರಲಿ ಎಂಬ ನನ್ನ ಅತಿಬುದ್ಧಿಯಿಂದ, ಸೊನ್ನೆ ತುಂಬಿ ಕೊಡುತ್ತಿತ್ತು. ಏಜೆಂಟ್ "ಕಾಟಾ ಖಾಲಿ ಇದೆ" ಎಂದು ಬರೆದುಕೊಂಡಿತು. ಕಾಟಾದವರಿಗೆ ಸೊನ್ನೆಗೂ ಒಂದು ಅರ್ಥವಿದೆಯಲ್ಲ! ಈಗ ಟೂಲ್ "ಓದಲಾಗಲಿಲ್ಲ" ಎಂದೇ ಹೇಳುತ್ತದೆ, ಯಾವ ಬೈಟಿನ ಹತ್ತಿರ ನಿಂತಿತು ಎಂಬುದನ್ನೂ ಸೇರಿಸಿ.

ನಿಜಕ್ಕೂ ದಾರಿ ತಪ್ಪಿಸಿದ್ದು ಹೆಸರು. 28,460ನ್ನು ಹುಡುಕಿದರೆ ಮೆಮೊರಿಯಲ್ಲಿ ಏಳು ಕಡೆ ಸಿಕ್ಕಿತು. ಏಜೆಂಟ್ ಮೊದಲನೆಯದಕ್ಕೆ "ಒಟ್ಟು ತೂಕ" ಎಂದು ಹೆಸರಿಟ್ಟು ಟಿಪ್ಪಣಿಯಲ್ಲಿ ಬರೆದಿಟ್ಟಿತು. ಮರುದಿನ ಹೊಸದಾಗಿ ಶುರುವಾದ ಏಜೆಂಟಿಗೆ ನಿನ್ನೆಯ ನೆನಪಿಲ್ಲ, ಟಿಪ್ಪಣಿಯೇ ವೇದ. ಮೂರು ಲಾರಿಗಳಿಗೆ ಅವಕ್ಕಿಂತ ಮುಂಚಿನ ಲಾರಿಯ ತೂಕವನ್ನೇ ಹೇಳಿತು. ನಾನು ಕೋಡಿನಲ್ಲಿ ತಲೆ ಹುಗಿದು ಕೂತಿದ್ದಾಗ ಆ ಹಿರಿಯರೇ, "ಲಾರಿ ಇಳಿಸಿ ನೋಡ್ರಿ ಸರ್, ಯಾವ್ದು ಇಳೀತದ ಅಂತ" ಅಂದರು. ಲಾರಿ ಇಳಿಯಿತು. ಏಳರಲ್ಲಿ ನಾಲ್ಕು ಸೊನ್ನೆಯಾದವು, ಮೂರು ಹಾಗೆಯೇ ಉಳಿದವು. ಏಜೆಂಟ್ "ಒಟ್ಟು ತೂಕ" ಅಂದದ್ದು ಕೊನೆಯ ಚೀಟಿ ಮುದ್ರಿಸಲು ಇಟ್ಟುಕೊಂಡ ನಕಲು.

ಹೆಸರು ಬರೀ ಊಹೆಯಾಗಿರಬಹುದು ಎಂಬುದು ಹಂಪಿಯ ಮಗ್ಗುಲಲ್ಲಿ ಬದುಕುವ ನನಗೆ ಮೊದಲೇ ಹೊಳೆಯಬೇಕಿತ್ತು. ರಾಣಿ ಸ್ನಾನಗೃಹದಲ್ಲಿ ರಾಣಿಯೇ ಮೀಯುತ್ತಿದ್ದಳು ಎನ್ನಲು ಶಾಸನ ಸಿಕ್ಕಿಲ್ಲ. ಈಗಿನ ಕಮಲ ಮಹಲ್ ಸರ್ವೇಯರ್ ಮೆಕೆಂಜಿಯ 1799ರ ನಕ್ಷೆಯಲ್ಲಿ ಮಂತ್ರಾಲೋಚನೆಯ ಭವನ. ಯಾರೋ ಊಹಿಸಿದರು, ಗೈಡುಗಳು ಹೇಳಿದರು, ಫಲಕ ಬಂತು. 1980ರಿಂದ ಇಲ್ಲಿ ಅಳತೆ ಮಾಡಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ತಂಡ ನಗರವನ್ನು ಚೌಕಗಳಾಗಿ ಹಂಚಿ, ಚೌಕಕ್ಕೆ ಅಕ್ಷರ, ಕಟ್ಟಡಕ್ಕೆ ಸಂಖ್ಯೆ ಕೊಟ್ಟಿತು. ಹೆಸರಿನ ಜಗಳ ಏನೇ ಇರಲಿ, ಕಟ್ಟಡ ಎಲ್ಲಿದೆ ಎಂಬುದಕ್ಕೆ ಜಗಳವಿಲ್ಲ.

ದಾಖಲೆಯನ್ನು ಪೂರ್ತಿ ಅಳಿಸಿ ಬರೆದೆ. ವಿಳಾಸವನ್ನು ಪ್ರೋಗ್ರಾಂನ ಬುಡದಿಂದ ಎಷ್ಟು ದೂರ ಎಂದೇ ಬರೆಯಬೇಕು. ಬರೀ ವಿಳಾಸ ಬರೆದಿಟ್ಟರೆ ಪ್ರೋಗ್ರಾಂ ಮುಚ್ಚಿ ತೆರೆದಾಗ ಕೈಕೊಡಬಹುದು. ಅಲ್ಲಿ ಕಂಡ ಬೈಟುಗಳು ಇದ್ದ ಹಾಗೇ ಇರಬೇಕು. ಹೆಸರು ಬೇರೆ ಸಾಲಿನಲ್ಲಿ, ಅದಕ್ಕೆ "ಊಹೆ" ಎಂಬ ಪಟ್ಟಿ ಅಂಟಿರಬೇಕು. ಲಾರಿ ಇಳಿಸಿ ನೋಡಿದ್ದಾರೋ ಇಲ್ಲವೋ ಎಂಬುದೂ ಇರಬೇಕು. ಈ ಕೊನೆಯದನ್ನು ಆ ಹಿರಿಯರ ಮಾತಿನಲ್ಲೇ ಬರೆದಿದ್ದೇನೆ, ಏಜೆಂಟಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ವರ್ಣನೆ ಈಗ ಅರ್ಧ ಪುಟವಾಗಿದೆ. ಉದ್ದವಾಯಿತು ಎಂದು ಗೆಳೆಯನೊಬ್ಬ ಮೂಗು ಮುರಿದ. ಮುರಿಯಲಿ.

ಬಿಲ್ಲಿಂಗ್ ಈಗ ಸರಿಯಾಗಿ ನಡೆಯುತ್ತಿದೆ. ಸೊನ್ನೆಯಾಗದೆ ಉಳಿದ ಮೂರರಲ್ಲಿ ಒಂದು ಮಾತ್ರ ತನ್ನ ಗುಟ್ಟು ಬಿಟ್ಟುಕೊಟ್ಟಿಲ್ಲ: ಲಾರಿ ಇಳಿದರೂ ಅಲುಗುವುದಿಲ್ಲ, ಚೀಟಿ ಮುದ್ರಿಸಿದರೂ ಇಲ್ಲ, ಒಮ್ಮೊಮ್ಮೆ ಊಟ ಮುಗಿಸಿ ಬರುವಷ್ಟರಲ್ಲಿ ತಾನಾಗಿ ಬದಲಾಗಿರುತ್ತದೆ. ಏಜೆಂಟ್ ಅದಕ್ಕೆ ಈವರೆಗೆ ಎರಡು ಹೆಸರು ಸೂಚಿಸಿದೆ. ಟಿಪ್ಪಣಿಯಲ್ಲಿ ಸಂಖ್ಯೆ ಒಂದನ್ನೇ ಉಳಿಸಿದ್ದೇನೆ.