ಹಾಲಿನ ಸಕ್ಕರೆಯೂ ಮಗುವಿನ ಭೇದಿಯೂ

ಎದೆಹಾಲು ಕುಡಿಯುವ ಕೂಸಿಗೆ ಭೇದಿ ಆರಂಭವಾದೊಡನೆ, ತಾಯಿಯ ಹಾಲು ಒಗ್ಗುತ್ತಿಲ್ಲವೆಂದು ಭಾವಿಸಿ ಹಾಲುಣಿಸುವುದನ್ನೇ ನಿಲ್ಲಿಸುವ ರೂಢಿ ಕೆಲವು ಮನೆಗಳಲ್ಲುಂಟು. ಇದು ಅಪಾಯಕರವಾದ ತಪ್ಪು ತಿಳಿವಳಿಕೆ. ಹಾಲಿನ ಸಕ್ಕರೆ ಜೀರ್ಣವಾಗುವ ಬಗೆಯನ್ನು ಅರಿತರೆ ಈ ಭಯ ನೀಗುವುದು.

ಹಾಲಿನ ಸಿಹಿಗೆ ಲ್ಯಾಕ್ಟೋಸ್ ಎಂಬ ಸಕ್ಕರೆಯೇ ಕಾರಣ. 100 ಮಿಲಿಲೀಟರ್ ತಾಯಿಯ ಹಾಲಿನಲ್ಲಿ ಇದು ಸುಮಾರು 7 ಗ್ರಾಂ, ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳು ಕೂಡಿ ಲ್ಯಾಕ್ಟೋಸ್ ಆಗಿದೆ. ಈ ಜೋಡಿಯು ಹಾಗೆಯೇ ರಕ್ತವನ್ನು ಸೇರಲಾರದು. ಸಣ್ಣ ಕರುಳಿನ ಒಳಮೈಯಲ್ಲಿ ಮಕಮಲ್ಲಿನ ನವಿರಿನಂಥ ಸೂಕ್ಷ್ಮ ಚಾಚಿಕೆಗಳಿವೆ. ಅವುಗಳಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವವು ಜೋಡಿಯನ್ನು ಬಿಡಿಸುತ್ತದೆ. ಬಿಡಿಯಾದ ಸಕ್ಕರೆಗಳು ರಕ್ತಕ್ಕೆ ಸೇರಿ ಮಗುವಿಗೆ ಶಕ್ತಿ ನೀಡುತ್ತವೆ.

ಭೇದಿಯ ರೋಗಾಣುಗಳು ಈ ಚಾಚಿಕೆಗಳಿಗೆ ಹಾನಿ ಮಾಡಿದಾಗ ಕಿಣ್ವವು ಕೆಲಕಾಲ ಕಡಿಮೆಯಾಗಬಹುದು. ಜೀರ್ಣವಾಗದೆ ಉಳಿದ ಸಕ್ಕರೆಯು ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಅದನ್ನು ಹುಳಿಸಿದಾಗ ಆಮ್ಲವೂ ವಾಯುವೂ ಉಂಟಾಗುತ್ತವೆ. ಆದುದರಿಂದಲೇ ಮಲವು ನೀರಾಗಿ ಹುಳಿ ವಾಸನೆ ಬೀರುವುದು, ಹೊಟ್ಟೆ ಉಬ್ಬರಿಸುವುದು. ಆದರೆ ಇದು ಸಾಮಾನ್ಯವಾಗಿ ತಾತ್ಕಾಲಿಕ. ಕರುಳು ಮಾಯ್ದಂತೆ ಕಿಣ್ವವೂ ಮರಳುತ್ತದೆ. ಆ ಅವಧಿಯಲ್ಲಿ ಮಗುವಿಗೆ ನೀರನ್ನೂ ಪೋಷಣೆಯನ್ನೂ ರೋಗನಿರೋಧಕ ವಸ್ತುಗಳನ್ನೂ ಒಟ್ಟಿಗೆ ಒದಗಿಸುವುದು ಎದೆಹಾಲು. ಅದನ್ನು ನಿಲ್ಲಿಸಿದರೆ ಮಗು ಬೇಗ ಸೊರಗುತ್ತದೆ.

ದೊಡ್ಡವರ ವಿಷಯ ಬೇರೆ. ಎಳೆತನ ಕಳೆದ ಮೇಲೆ ಅನೇಕರಲ್ಲಿ ಈ ಕಿಣ್ವ ಕ್ರಮೇಣ ಕುಗ್ಗುವುದರಿಂದ ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸಬಹುದು. ಹೆಪ್ಪಿನ ಜೀವಾಣುಗಳು ಸಕ್ಕರೆಯ ಒಂದು ಭಾಗವನ್ನು ಮೊದಲೇ ಒಡೆದಿರುವುದರಿಂದ ಅಂಥವರಿಗೆ ಮೊಸರು ಸುಲಭವಾಗಿ ಒಗ್ಗುತ್ತದೆ. ಆದರೆ ಹಿರಿಯರು ತಮ್ಮ ಅನುಭವದಿಂದ ಕೂಸಿನ ಹಾಲನ್ನು ಬಿಡಿಸಕೂಡದು.

ದಂಪತಿಗಳು ನೆನಪಿನಲ್ಲಿಡಬೇಕಾದ ಅಂಶಗಳು:

1. ಭೇದಿಯಾದಾಗ ಎದೆಹಾಲನ್ನು ಇನ್ನೂ ಹೆಚ್ಚು ಸಲ ಕುಡಿಸಿರಿ.

2. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓ.ಆರ್.ಎಸ್. ಪುಡಿಯ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಬೆರೆಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಿರಿ.

3. ಎರಡು ತಿಂಗಳು ತುಂಬಿದ ಮಗುವಿಗೆ, ಆರೋಗ್ಯ ಕಾರ್ಯಕರ್ತೆಯು ತಿಳಿಸಿದ ಪ್ರಮಾಣದಲ್ಲಿ ಝಿಂಕ್ ಮಾತ್ರೆಯನ್ನು 14 ದಿನ ಕೊಡಿರಿ. ಭೇದಿ ನಿಂತರೂ ಮಧ್ಯದಲ್ಲಿ ಬಿಡಬಾರದು.

4. ಮಗು ಹಾಲು ಕುಡಿಯದಿದ್ದರೆ, ಕಣ್ಣು ಗುಳಿಬಿದ್ದರೆ, ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ದಾರಿಯಲ್ಲಿಯೂ ಹಾಲುಣಿಸುತ್ತಿರಿ.

ತಾಯಿಗೆ ಧೈರ್ಯ ಹೇಳಿ, ಹಾಲು ಬಿಡಿಸದಂತೆ ನೋಡಿಕೊಳ್ಳುವುದು ತಂದೆಯ ಹೊಣೆಯೂ ಹೌದು.