ಎರಡು ಪಾಠಗಳ ಸಾಮ್ಯ: ಒಂದು ಗಣಿತಕ್ರಮ

ಕಲಾವಿಭಾಗದ ನಮಗೆ ಗಣಿತವೇತಕ್ಕೆ ಎಂದು ಕೇಳುವ ಮಿತ್ರರು ಹಲವರು. ಅವರ ಮುಂದೆ ನಾನೊಂದು ಉದಾಹರಣೆಯನ್ನಿಡಬಯಸುತ್ತೇನೆ.

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವವರಿಗೆ ಒಂದೇ ಪದ್ಯದ ಎರಡು ಓಲೆಪ್ರತಿಗಳು ದೊರೆತುವೆನ್ನಿ. ಲಿಪಿಕಾರನು ಒಂದೆಡೆ ಅಕ್ಷರವನ್ನು ಬಿಟ್ಟಿರಬಹುದು, ಮತ್ತೊಂದೆಡೆ ಸೇರಿಸಿರಬಹುದು. ನಡುವೆ ಬೇರೆ ಅಕ್ಷರಗಳು ಬಂದರೂ ಸರಿಯೆ, ಎರಡು ಪ್ರತಿಗಳಲ್ಲಿಯೂ ಅದೇ ಕ್ರಮದಲ್ಲಿ ದೊರೆಯುವ ಅಕ್ಷರಮಾಲೆಗಳಲ್ಲಿ ಅತಿ ಉದ್ದವಾದುದನ್ನು ‘ಅತಿ ದೀರ್ಘ ಸಮಾನ ಉಪಶ್ರೇಣಿ’ ಎನ್ನಬಹುದು. ಅದನ್ನು ಕಂಡುಹಿಡಿಯುವುದು ಹೇಗೆ?

‘ದಶರಥ’, ‘ಶರದ’ ಎಂಬ ಪದಗಳನ್ನು ತೆಗೆದುಕೊಳ್ಳೋಣ. ಆತುರಪಟ್ಟು ಮೊದಲನೆಯದರ ‘ದ’ವನ್ನು ಎರಡನೆಯದರ ‘ದ’ದೊಡನೆ ಜೋಡಿಸಿದರೆ ಎರಡನೆಯ ಪದ ಅಲ್ಲಿಗೇ ಮುಗಿಯುತ್ತದೆ, ಸಾಮ್ಯ ಒಂದೇ ಅಕ್ಷರ. ಆ ‘ದ’ವನ್ನು ಬಿಟ್ಟುಕೊಟ್ಟರೆ ‘ಶರ’ ಎಂಬ ಎರಡಕ್ಷರ ಸಿಕ್ಕುತ್ತದೆ. ಹಿಡಿಯುವ, ಬಿಡುವ ಎಲ್ಲ ಬಗೆಗಳನ್ನೂ ಪರೀಕ್ಷಿಸೋಣವೆಂದರೆ ನಾಲ್ಕಕ್ಷರಕ್ಕೆ ೧೬ ಬಗೆ. ಮೂವತ್ತಕ್ಷರದ ಸಾಲಿಗೆ ೧೦೭ ಕೋಟಿಗೂ ಮಿಗಿಲು!

ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ ೧೯೫೦ರ ದಶಕದಲ್ಲಿ ರೂಪಿಸಿದ ‘ಡೈನಾಮಿಕ್ ಪ್ರೋಗ್ರಾಮಿಂಗ್’ ಇಲ್ಲಿ ನೆರವಾಗುತ್ತದೆ. ಸಣ್ಣ ಲೆಕ್ಕದ ಉತ್ತರವನ್ನು ಬರೆದಿಟ್ಟುಕೊಂಡು ದೊಡ್ಡ ಲೆಕ್ಕಕ್ಕೆ ಬಳಸುವುದೇ ಅದರ ತಿರುಳು. ಒಂದು ಪದವನ್ನು ಎಡಗಡೆ ಉದ್ದಕ್ಕೆ, ಇನ್ನೊಂದನ್ನು ಮೇಲ್ಗಡೆ ಅಡ್ಡಕ್ಕೆ ಬರೆದು ಮನೆಗಳನ್ನು ಹಾಕಬೇಕು. ಒಂದೊಂದು ಮನೆಯಲ್ಲಿಯೂ ಅಲ್ಲಿಯವರೆಗಿನ ಭಾಗಗಳ ಸಾಮ್ಯದ ಉದ್ದವಿರುತ್ತದೆ. ನಿಯಮಗಳು ಎರಡೇ:

೧. ಅಕ್ಷರಗಳು ಒಂದೇ ಆಗಿದ್ದರೆ, ಮೇಲಿನ ಎಡಮೂಲೆಯ ಮನೆಯ ಸಂಖ್ಯೆಗೆ ೧ನ್ನು ಕೂಡಿಸುವುದು.
೨. ಬೇರೆಯಾಗಿದ್ದರೆ, ಮೇಲಿನ ಮತ್ತು ಎಡದ ಮನೆಗಳ ಸಂಖ್ಯೆಗಳಲ್ಲಿ ದೊಡ್ಡದನ್ನು ಬರೆಯುವುದು.

ಪಟ್ಟಿಯ ಹೊರಗಿನದನ್ನೆಲ್ಲ ಸೊನ್ನೆಯೆಂದು ಎಣಿಸಬೇಕು.

— | ಶ | ರ | ದ
ದ | ೦ | ೦ | ೧
ಶ | ೧ | ೧ | ೧
ರ | ೧ | ೨ | ೨
ಥ | ೧ | ೨ | ೨

ಕೊನೆಯ ಮನೆಯ ೨ ನಮ್ಮ ಉತ್ತರ. ಅಕ್ಷರಗಳನ್ನು ತಿಳಿಯಲು ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಅಕ್ಷರಗಳು ಬೇರೆಯಾದಲ್ಲಿ ಅದೇ ಸಂಖ್ಯೆಯಿರುವ ಮೇಲಿನ ಅಥವಾ ಎಡದ ಮನೆಗೆ ಸರಿಯುವುದು. ಒಂದೇ ಆದಲ್ಲಿ ಆ ಅಕ್ಷರವನ್ನು ಬರೆದುಕೊಂಡು ಎಡಮೂಲೆಗೆ ಏರುವುದು. ಹೀಗೆ ಮೊದಲು ‘ರ’, ಆಮೇಲೆ ‘ಶ’ ದೊರೆಯುತ್ತವೆ. ತಿರುಗಿಸಿ ಓದಿದರೆ ‘ಶರ’. ಮೂವತ್ತಕ್ಷರದ ಎರಡು ಸಾಲುಗಳಿಗಾದರೂ ತುಂಬಬೇಕಾದುದು ೯೦೦ ಮನೆಗಳನ್ನು ಮಾತ್ರ.

೧೯೭೦ರಲ್ಲಿ ನೀಡಲ್‌ಮನ್ ಮತ್ತು ವುನ್ಷ್ ಎಂಬ ವಿಜ್ಞಾನಿಗಳು ಪ್ರೋಟೀನುಗಳನ್ನು ಹೋಲಿಸಲು ಪ್ರಕಟಿಸಿದ ಕ್ರಮವೂ ಇದೇ ಜಾತಿಯದು.

ಆದರೆ ಎರಡು ಪಾಠಗಳಲ್ಲಿ ಕವಿಯದು ಯಾವುದೆಂಬುದನ್ನು ಈ ಪಟ್ಟಿ ಹೇಳಲಾರದು. ಅದಕ್ಕೆ ಛಂದಸ್ಸು, ವ್ಯಾಕರಣ, ಅರ್ಥಗಳ ವಿವೇಚನೆ ಬೇಕು. ವ್ಯತ್ಯಾಸವೆಲ್ಲಿದೆ ಎಂದು ತೋರಿಸುವವರೆಗೆ ಗಣಿತದ ಕೆಲಸ; ಅಲ್ಲಿಂದ ಮುಂದಿನದು ನಮ್ಮದು.