ಮೂರು ವರ್ಷದ ಬಾಂಡ್, ಎರಡು ಖಾಲಿ ಚೆಕ್

ನಮ್ಮದು ಸಾಲಗುಂದ. ಈಗಷ್ಟೇ ಎಂಡಿ ಮುಗಿಸಿದ್ದೇನೆ. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯವರು ‘ಕನ್ಸಲ್ಟಂಟ್’ ಅಂತ ಕರೆದಿದ್ದಾರೆ. ಆರು ತಿಂಗಳು ಮಿನಿಮಮ್ ಗ್ಯಾರಂಟಿ, ಆಮೇಲೆ ಶೇಕಡಾ ಲೆಕ್ಕ. ಮೂರು ವರ್ಷದ ಬಾಂಡ್, ನಡುವೆ ಬಿಟ್ಟರೆ 10 ಲಕ್ಷ. ಬಿಟ್ಟ ಮೇಲೂ ಎರಡು ವರ್ಷ 30 ಕಿಲೋಮೀಟರ್ ಒಳಗೆ ಪ್ರಾಕ್ಟೀಸ್ ಮಾಡಬಾರದಂತೆ. ನಮ್ಮೂರೂ ಅದರೊಳಗೇ ಬರ್ತದೆ. ಒರಿಜಿನಲ್ ಸರ್ಟಿಫಿಕೇಟು, ಸಹಿ ಮಾಡಿದ ಎರಡು ಖಾಲಿ ಚೆಕ್ ಕೇಳ್ತಿದ್ದಾರೆ. ಮಾಲೀಕರು ಅಪ್ಪನಿಗೆ ಬೇಕಾದವರು. ‘ಪ್ರಶ್ನೆ ಕೇಳಿ ಮುಜುಗರ ಮಾಡಬೇಡ, ಸಹಿ ಹಾಕು’ ಅಂತಾರೆ ಅಪ್ಪ. ಏನು ಮಾಡಲಿ?
– ಹೆಸರು ಬೇಡ, ಸಾಲಗುಂದ

ಡಾಕ್ಟರಮ್ಮನವರೇ, ಮೊದಲು ಚೆಕ್ಕಿನ ಮಾತು. ಕೊಡಬೇಡಿ. ಬಾಂಡ್ ಮುರಿದಿರಿ ಅಂದುಕೊಳ್ಳಿ, ಹಣ ಬೇಕೆಂದರೆ ಆಸ್ಪತ್ರೆಯವರು ಸಿವಿಲ್ ಕೋರ್ಟಿಗೆ ಹೋಗಿ ತಮ್ಮ ನಷ್ಟದ ಲೆಕ್ಕ ಹೇಳಬೇಕು. ಕೈಯಲ್ಲಿ ನಿಮ್ಮ ಚೆಕ್ ಇದ್ದರೆ ಆ ಶ್ರಮವೇ ಇಲ್ಲ: ಮೊತ್ತ ಬರೆದು ಬ್ಯಾಂಕಿಗೆ ಹಾಕಿ, ಬೌನ್ಸ್ ಆದರೆ 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಕೇಸು ಹಾಕಬಹುದು. ಖಾಲಿ ಇತ್ತು ಅನ್ನುವುದಷ್ಟೇ ನಿಮ್ಮನ್ನು ಉಳಿಸುವುದಿಲ್ಲ. ಸಹಿ ನಿಮ್ಮದೇ ಆದರೆ ಸಾಲವಿಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸರ್ಟಿಫಿಕೇಟೂ ಅಷ್ಟೇ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತನ್ನಿ.

30 ಕಿಲೋಮೀಟರ್ ಷರತ್ತಿಗೆ ನೀವು ಹೆದರಿದಷ್ಟು ಬಲವಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ಒಬ್ಬರ ವೃತ್ತಿಯನ್ನು ಕಟ್ಟಿಹಾಕುವ ಕರಾರು ಊರ್ಜಿತವಲ್ಲ. ಆದರೆ ಕೆಲಸದಲ್ಲಿ ಇರುವಷ್ಟು ದಿನ ಬೇರೆ ಕಡೆ ದುಡಿಯಬಾರದು ಅನ್ನುವುದು ನಡೆಯುತ್ತದೆ, 1967ರಿಂದಲೂ ಕೋರ್ಟುಗಳ ನಿಲುವು ಅದೇ. ಸಂಜೆ ಊರಲ್ಲಿ ಎರಡು ತಾಸು ಕ್ಲಿನಿಕ್ ನಡೆಸುವ ಆಸೆಯಿದ್ದರೆ ಅದನ್ನು ಈಗಲೇ ಬರೆಸಿಕೊಳ್ಳಿ. ‘ಆಮೇಲೆ ನೋಡೋಣ್ರಿ’ ಅನ್ನುವುದು ಕರಾರಲ್ಲ.

ಬಾಂಡ್ ವಿಷಯದಲ್ಲಿ ಗೆಳೆಯರು ‘ಅದು ಬರೀ ಕಾಗದ’ ಅಂದಾರು, ನಂಬಬೇಡಿ. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮುಂಚೆ ಕೆಲಸ ಬಿಟ್ಟು 2 ಲಕ್ಷ ಕಟ್ಟಿ, ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅಲ್ಲಿ ಗಮನಕ್ಕೆ ಬಂದದ್ದು ಸಾರ್ವಜನಿಕ ಬ್ಯಾಂಕಿನ ನೇಮಕಾತಿ ಖರ್ಚು, ಸಂಬಳಕ್ಕೆ ಹೋಲಿಸಿದರೆ ಭಾರವಲ್ಲದ ಮೊತ್ತ. ನಿಮಗೆ ತರಬೇತಿಯನ್ನೇ ಕೊಡದ ಆಸ್ಪತ್ರೆ 10 ಲಕ್ಷ ಕೇಳಿದರೆ ವಾದಕ್ಕೆ ಜಾಗವಿದೆ: ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ನ್ಯಾಯವಾದ ಪರಿಹಾರ. ಆದರೂ ವರ್ಷ ಕಳೆದಂತೆ ಮೊತ್ತ ಇಳಿಯಲಿ ಎಂದು ಈಗಲೇ ಕೇಳಿ. ಅವರು ನಿಮ್ಮನ್ನು ಒಂದು ತಿಂಗಳ ನೋಟಿಸಿನಲ್ಲಿ ಕಳಿಸಬಹುದಾದರೆ ನಿಮಗೂ ಅಂಥದೇ ದಾರಿ ಇರಬೇಕು. ಅವರೇ ಕಳಿಸಿದರೆ ಬಾಂಡ್ ತಾನಾಗಿ ಬಿದ್ದುಹೋಗಬೇಕು.

ಇನ್ನೊಂದು ಮಾತು: ಕರ್ನಾಟಕದ 2012ರ ಕಾಯ್ದೆಯ ಪ್ರಕಾರ ವೈದ್ಯರು ಮಾಡಬೇಕಾದ ಸರ್ಕಾರದ ಕಡ್ಡಾಯ ಸೇವೆ ನಿಮ್ಮದು ಬಾಕಿ ಇದೆಯೇ? ಇದ್ದರೆ, ಸರ್ಕಾರಿ ಪೋಸ್ಟಿಂಗ್ ಬಂದಾಗ ದಂಡವಿಲ್ಲದೆ ಬಿಟ್ಟು ಹೋಗುವ ಹಕ್ಕು ಕರಾರಿನಲ್ಲಿರಲಿ. ಆ ಹಕ್ಕು ಬರೆಸದಿದ್ದರೆ ಇತ್ತ ಬಾಂಡ್, ಅತ್ತ ಸರ್ಕಾರ.

ಇನ್ನು ಶೇಕಡಾ ಲೆಕ್ಕ. ನಿಜವಾದ ಜಗಳ ಹುಟ್ಟುವುದು ಇಲ್ಲೇ. ಯಾವುದರ ಮೇಲೆ ಶೇಕಡಾ? ಬಿಲ್ಲಿನ ಮೇಲೋ, ಕೈಗೆ ಬಂದ ಹಣದ ಮೇಲೋ? ಬರೀ ಕನ್ಸಲ್ಟೇಷನ್ ಫೀಸೋ, ಐಸಿಯು ವಿಸಿಟೂ ಸೇರಿದೆಯೋ? ಮಾಲೀಕರು ತಮ್ಮ ಪರಿಚಯದವರಿಗೆ ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ ಹೋಗುತ್ತದೆ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೋಗಿಗಳ ಹಣ ತಡವಾಗಿ ಬರುತ್ತದೆ. ನೀವು ಬಿಟ್ಟ ಮೇಲೆ ಬಂದರೆ ನಿಮ್ಮ ಪಾಲು ಏನಾಗುತ್ತದೆ? ಪ್ರತಿ ತಿಂಗಳು ರೋಗಿವಾರು ಲೆಕ್ಕಪಟ್ಟಿ ಕೊಡುತ್ತಾರೆಯೇ? ಇಷ್ಟು ಅಡ್ಮಿಷನ್, ಇಷ್ಟು ಸ್ಕ್ಯಾನಿಂಗ್ ಅಂತ ಟಾರ್ಗೆಟ್ ಇದ್ದರೆ ಆ ಸಾಲನ್ನು ತೆಗೆಸಿ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನಂತೂ 2002ರ ವೈದ್ಯಕೀಯ ನೀತಿ ನಿಯಮಗಳೇ ನಿಷೇಧಿಸಿವೆ. ನೋಂದಣಿ ನಿಮ್ಮದು, ಉತ್ತರ ಹೇಳಬೇಕಾದವರೂ ನೀವೇ.

‘ಕನ್ಸಲ್ಟಂಟ್’ ಎಂದು ಬರೆದರೆ ಹೆಚ್ಚಾಗಿ ಶೇ. 10 ಟಿಡಿಎಸ್ ಹಿಡಿದು ಕೈತೊಳೆದುಕೊಳ್ಳುತ್ತಾರೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಉದ್ಯೋಗಿಗೆ ಕಾನೂನು ಕೊಡುವ 26 ವಾರದ ಹೆರಿಗೆ ರಜೆಯನ್ನೂ ‘ನೀವು ನೌಕರರಲ್ಲ’ ಎಂದು ತಳ್ಳಿಹಾಕಬಹುದು. ದಿನಾ ಡ್ಯೂಟಿ, ಹಾಜರಿ, ಅವರದೇ ರಜೆ ನಿಯಮ, ಆದರೆ ಹೆಸರಿಗೆ ಕನ್ಸಲ್ಟಂಟ್ – ಇದು ನನಗೆ ಹಿಡಿಸದ ಮಾತು. ರಾತ್ರಿ ಕಾಲ್ ವಾರಕ್ಕೆ ಎಷ್ಟು, ಮರುದಿನ ಬೆಳಿಗ್ಗೆ ಓಪಿಡಿ ಇದೆಯೇ, ಅದನ್ನೂ ಬರೆಸಿ.

ರೋಗಿಗಳ ದೂರಿನ ಮಾತೂ ಇದೆ. ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನ ನಂತರ ದುಡ್ಡು ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿದೆ. ದೂರು ಕೊಡಲು ಎರಡು ವರ್ಷ ಸಮಯವಿದೆ, ಅಷ್ಟರಲ್ಲಿ ನೀವು ಬೇರೆ ಊರಲ್ಲಿರಬಹುದು. ಹಾಗಾಗಿ ಆಸ್ಪತ್ರೆಯ ಇನ್ಶೂರೆನ್ಸಿನಲ್ಲಿ ನಿಮ್ಮ ಹೆಸರಿದ್ದರೂ ಸ್ವಂತ ಇಂಡೆಮ್ನಿಟಿ ಪಾಲಿಸಿ ಮಾಡಿಸಿ, ಕೆಲಸ ಬಿಟ್ಟ ಮೇಲೂ ನವೀಕರಿಸುತ್ತಿರಿ.

ಅಪ್ಪನ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ಹೊಲ ಲೀಜಿಗೆ ಕೊಡುವಾಗ ಬೀಗರೇ ಆದರೂ ಎಕರೆಗೆ ಎಷ್ಟು ಚೀಲ ಭತ್ತ, ಕಾಲುವೆಗೆ ನೀರು ಬಿಡದಿದ್ದರೆ ಏನು ಅಂತ ಮೊದಲೇ ಮಾತಾಡುವುದಿಲ್ಲವೇ? ಅಪ್ಪನಿಗೆ ಹೀಗೇ ಕೇಳಿ, ಅವರಿಗೆ ತಿಳಿಯುತ್ತದೆ. ಮಾಲೀಕರ ಮುಂದೆ ದೊಡ್ಡ ಮಾತು ಬೇಡ. ‘ಸರ್, ಕಾಪಿ ಕೊಡ್ರಿ, ಒಂದು ವಾರದಾಗ ಓದಿ ಬರ್ತೀನಿ’ ಅನ್ನಿ, ಸಾಕು. ಆ ವಾರದಲ್ಲಿ ಸಿವಿಲ್ ಕೇಸು ನಡೆಸುವ ವಕೀಲರೊಬ್ಬರಿಗೆ ಫೀಸು ಕೊಟ್ಟು ಓದಿಸಿ, ಬಿಟ್ಟಿ ಸಲಹೆ ಬೇಡ. ಜೊತೆಗೆ ಆ ಆಸ್ಪತ್ರೆಯಲ್ಲಿ ಹಿಂದೆ ಇದ್ದು ಬಿಟ್ಟ ಡಾಕ್ಟರನ್ನು ಹುಡುಕಿ ಫೋನ್ ಮಾಡಿ: ಕೊನೆಯ ತಿಂಗಳ ಹಣ ಬಂತೇ ಅಂತ ಕೇಳಿ. ಕಾಪಿ ಕೊಡಲಿಕ್ಕೇ ಒಪ್ಪದಿದ್ದರೆ ಬೇರೆ ಆಸ್ಪತ್ರೆ ನೋಡಿ. ರಾಯಚೂರು ಜಿಲ್ಲೆಯಲ್ಲಿ ಎಂಡಿ ಮಾಡಿದವರಿಗೆ ಕೆಲಸದ ಬರವಿಲ್ಲ.